ಕಂಬದ ಹಿಂದಿನ ನಲವತ್ತು ನಿಮಿಷ

ಭಾವಮೈದನ ಸೂಟ್‌ಕೇಸಿನ ಒಂದು ಚಕ್ರ ಲಿಫ್ಟಿನ ಹೊಸ್ತಿಲ ಸಂದಿಯಲ್ಲಿ ಸಿಕ್ಕಿಕೊಂಡಿತು. ಬಾಗಿಲು ಎರಡು ಸಲ ಬಂದು ಸೂಟ್‌ಕೇಸಿಗೆ ಬಡಿದು ಹಿಂದೆ ಸರಿಯಿತು. ಮೂರನೇ ಸಲ ಬರುವಷ್ಟರಲ್ಲಿ ಮೇಸ್ತ್ರಿ ತಮ್ಮ ಎಡಗಾಲಿನ ಬೂಟನ್ನು ಅಡ್ಡ ಕೊಟ್ಟು, ಬಗ್ಗಿ, ಚಕ್ರ ಬಿಡಿಸಿ ಸೂಟ್‌ಕೇಸನ್ನು ಒಳಗೆ ನೂಕಿದರು. ಹೆಂಡತಿ ಹೋಗಿ ಅಂದಿಗೆ ಮೂರನೇ ದಿನ. ಎರಡು ದಿನದಿಂದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಕೂತಲ್ಲೇ ಕೂತಿದ್ದ ಮನುಷ್ಯನಿಗೆ ಈ ಚಕ್ರ ಸಿಕ್ಕಿಕೊಂಡದ್ದು ಒಂದು ಉಪಕಾರವೇ ಆಯಿತು.

"ಬಿಡಿ ಭಾವ, ನಾನೇ ಎತ್ತುತ್ತಿದ್ದೆ."

"ನಿನ್ನ ಕೈಲಿ ಆಗಲ್ಲ. ಎಳೆದ್ರೆ ಇನ್ನೂ ಒಳಗೆ ಕೂರುತ್ತೆ. ಓರೆ ಮಾಡಿ ಎತ್ತಬೇಕು."

ಮೇಸ್ತ್ರಿ ಅಂದರೆ ಲಿಫ್ಟ್ ಮೇಸ್ತ್ರಿ. ಆ ಪರದೇಶದ ಊರಿನ ಎತ್ತರದ ಕಟ್ಟಡಗಳಲ್ಲಿ ನಲವತ್ತೊಂದು ವರ್ಷ ಲಿಫ್ಟ್ ರಿಪೇರಿ ಮಾಡಿ ನಿವೃತ್ತರಾದವರು. ನಮ್ಮ ಕಡೆಯಿಂದ ಹೋಗಿ ಅಲ್ಲಿ ನೆಲೆಸಿದ ನಾಲ್ಕಾರು ಮನೆಗಳವರು ಇಟ್ಟ ಹೆಸರು ಅದು. ಅಪ್ಪ ಅಮ್ಮ ಇಟ್ಟ ಹೆಸರು ಪಾಸ್‌ಪೋರ್ಟಿನಲ್ಲಿ ಮಾತ್ರ ಉಳಿದಿತ್ತು. ಹೆಂಡತಿಯ ತಮ್ಮ ಎರಡು ವಿಮಾನ ಬದಲಾಯಿಸಿ ಅವತ್ತು ಬೆಳಗ್ಗೆ ಬಂದಿಳಿದಿದ್ದ. ಅರವತ್ತು ಸಮೀಪಿಸಿದ ಅವನ ಕಣ್ಣು ಕೆಂಪಗಾಗಿತ್ತು, ನಿದ್ದೆ ಇಲ್ಲದೆಯೋ ಅತ್ತೋ ಹೇಳುವುದು ಕಷ್ಟ.

ಬಾಗಿಲು ಮುಚ್ಚಿತು. ಕಷ್ಟದ ಮಾತು ಆಡಬೇಕೆಂದಿರುವವರು ಬಾಗಿಲು ಮುಚ್ಚುವ ತನಕ ಕಾಯುತ್ತಾರೆ. ಲಿಫ್ಟಿನೊಳಗೆ ಕೇಳಿಸಿಕೊಳ್ಳುವವನು ಎದ್ದು ಹೋಗುವ ಹಾಗಿಲ್ಲವಲ್ಲ.

"ಭಾವ, ಒಂದು ಮಾತು. ತಪ್ಪು ತಿಳ್ಕೋಬೇಡಿ."

"ಹೇಳಪ್ಪ."

"ಸುಟ್ಟ ಮೇಲೆ ಬೂದಿ ಕೊಡ್ತಾರಂತಲ್ಲ, ಅದನ್ನ ನನಗೆ ಕೊಡಿ. ನಾಲ್ಕು ದಿನ ಇರ್ತೀನಿ. ಹೋಗುವಾಗ ಅಕ್ಕನ್ನ ಜೊತೇಲೇ ಕರ್ಕೊಂಡು ಹೋಗ್ತೀನಿ. ಅಪ್ಪ ಅಮ್ಮ ಇರೋ ಕಡೆಗೆ."

ಮೇಸ್ತ್ರಿ ಮೂರರ ಅಂಕಿಯ ಮೇಲೆ ದೀಪ ಹತ್ತಿ ಆರಿದ್ದನ್ನು ನೋಡಿದರು.

"ಅವಳನ್ನ ಯಾರೂ ಒಂದು ಮಾತು ಕೇಳ್ಲಿಲ್ಲ ಭಾವ. ಇಪ್ಪತ್ತೆರಡು ವರ್ಷದ ಹುಡುಗಿ. ನಿಮ್ಮ ಫೋಟೋ ತೋರ್ಸಿದ್ರು, ನಿಮಗೆ ರಜೆ ಸಿಗಲ್ಲ ಅಂದ್ರು, ಮದುವೆ ಅಲ್ಲೇ ಕಚೇರೀಲಿ ಆಗುತ್ತೆ ಅಂದ್ರು, ವಿಮಾನ ಹತ್ಸಿದ್ರು. ನನಗೆ ಆಗ ಹನ್ನೊಂದು. ಯಾವುದಾದ್ರೂ ಕಿಟಕೀಲಿ ಕೈ ಬೀಸ್ತಾಳೆ ಅಂತ ನೋಡ್ತಾ ನಿಂತಿದ್ದೆ. ಅಷ್ಟು ದೂರಕ್ಕೆ ಯಾವ ಕಿಟಕೀನೂ ಕಾಣ್ಲಿಲ್ಲ. ಈಗಲಾದ್ರೂ ಅವಳು ಮನೆಗೆ ಬರಲಿ."

ಆ ಮಾತಿನಲ್ಲಿ ಕೋಪ ಇದ್ದಿದ್ದರೆ ಮೇಸ್ತ್ರಿ ಎರಡು ಮಾತು ತಿರುಗಿ ಹೇಳುತ್ತಿದ್ದರೋ ಏನೋ. ಕೋಪ ಇರಲಿಲ್ಲ. ಮೇಲಾಗಿ ಅವನು ಹೇಳಿದ್ದರಲ್ಲಿ ಹೊಸದೂ ಏನಿರಲಿಲ್ಲ, ಅದನ್ನೇ ಮೇಸ್ತ್ರಿ ತಮಗೆ ತಾವೇ ಎಷ್ಟೋ ಸಲ ಹೇಳಿಕೊಂಡಿದ್ದರು. ಆಕೆ ಇಷ್ಟಪಟ್ಟು ಬಂದಳೋ, ಬಂದಾದ ಮೇಲೆ ಬೇರೆ ದಾರಿ ಇಲ್ಲ ಅಂತ ಉಳಿದಳೋ? ನಲವತ್ತೆಂಟು ವರ್ಷ ಒಂದೇ ಸೂರಿನಡಿ ಬಾಳಿದರೂ ಅದನ್ನು ನೇರವಾಗಿ ಕೇಳುವುದಕ್ಕೆ ಅವರಿಗೆ ಬಾಯಿ ಬಂದಿರಲಿಲ್ಲ. ಕೇಳಿದರೆ ಆಕೆ ನಿಜ ಹೇಳಿಬಿಟ್ಟಾಳು ಅನ್ನುವ ಹೆದರಿಕೆ.

ಏಳನೇ ಮಹಡಿ ಬಂತು. "ಬಾ, ಮೊದಲು ಬಿಸಿಯಾಗಿ ಏನಾದ್ರೂ ಕುಡಿ" ಅಂತಷ್ಟೇ ಹೇಳಿ ಮೇಸ್ತ್ರಿ ಸೂಟ್‌ಕೇಸನ್ನು ಓರೆ ಮಾಡಿ ಹೊರಗೆ ತಂದರು.

ಮನೆಯಲ್ಲಿ ಮಗಳು ಊಟದ ಮೇಜಿನ ಮುಂದೆ ಕಾಗದ ಹರಡಿಕೊಂಡು ಕೂತಿದ್ದಳು. ಶಾಲೆಯಲ್ಲಿ ಗಣಿತ ಹೇಳುವವಳು. ಅಳುವುದಿದ್ದರೂ ಒಂದೊಂದೇ ಕೆಲಸದ ಮುಂದೆ ಸರಿ ಗುರುತು ಹಾಕಿ ಆಮೇಲೆ ಅಳುವ ಜಾತಿ. ಮಾಮನನ್ನು ತಬ್ಬಿಕೊಂಡಳು, ಕಾಫಿ ಕೊಟ್ಟಳು, ಆಮೇಲೆ ಒಂದು ಹಾಳೆಯನ್ನು ಅಪ್ಪನ ಮುಂದೆ ಸರಿಸಿದಳು.

"ಅಪ್ಪ, ಹನ್ನೊಂದೂವರೆಗೆ ಅಮ್ಮನ್ನ ಇಟ್ಟಿರೋ ಪೆಟ್ಟಿಗೆಗೆ ಮುಚ್ಚಳ ಹಾಕ್ತಾರಂತೆ. ಅದಕ್ಕೆ ಮುಂಚೆ ಈ ಫಾರಂ ಕೈಗೆ ಕೊಡಬೇಕು. ಎಲ್ಲ ತುಂಬಿದ್ದೀನಿ. ಒಂದು ಸಾಲು ಬಾಕಿ."

ಬಾಕಿ ಇದ್ದ ಸಾಲು: ಬೂದಿ ಯಾರ ವಶಕ್ಕೆ. ಅದರ ಮುಂದೆ ಚುಕ್ಕಿ ಚುಕ್ಕಿ.

"ಮಾಮ ಹೇಳಿದ್ರು ಫೋನಲ್ಲಿ," ಅಂದಳು ಮಗಳು. "ಮಾಮ, ನಿಮ್ಮ ಮನಸ್ಸಿಗೆ ನೋವಾಗಲಿ ಅಂತ ಹೇಳ್ತಿಲ್ಲ. ಆದ್ರೆ ಅಮ್ಮನ್ನ ಯಾಕೆ ಅಷ್ಟು ದೂರ ಕಳಿಸಬೇಕು?"

"ದೂರಕ್ಕಲ್ಲ ಪುಟ್ಟಿ, ಮನೆಗೆ."

"ಮತ್ತೆ ಇದೇನು, ಮನೆ ಅಲ್ವಾ? ನಾನು ಭಾನುವಾರ ಭಾನುವಾರ ಅಮ್ಮನ್ನ ನೋಡೋಕೆ ಎಲ್ಲಿಗೆ ಹೋಗಲಿ?"

ಇಬ್ಬರೂ ಮೇಸ್ತ್ರಿಯ ಮುಖ ನೋಡಿದರು. ಮೇಸ್ತ್ರಿ ಹಾಳೆಯನ್ನು ಜೋಪಾನವಾಗಿ ಕೋಟಿನ ಒಳಜೇಬಿಗೆ ಸೇರಿಸಿ, "ದಾರೀಲಿ ಯೋಚನೆ ಮಾಡ್ತೀನಿ" ಅಂದರು.

*

ಬಂದ ಹೊಸದರಲ್ಲಿ ಹೆಂಡತಿ ಲಿಫ್ಟ್ ಹತ್ತುತ್ತಿರಲಿಲ್ಲ. ಏಳು ಮಹಡಿ, ನೂರ ಇಪ್ಪತ್ತಾರು ಮೆಟ್ಟಿಲು. ತರಕಾರಿ ಚೀಲ ಹಿಡಿದು, ಒದ್ದೆ ಬಟ್ಟೆಯ ಬುಟ್ಟಿ ಹೊತ್ತು ಹತ್ತುವಳು, ಇಳಿಯುವಳು. ಕಟ್ಟಡದವರೆಲ್ಲ ನೋಡಿದರು. "ರಿಪೇರಿ ಮಾಡುವವನ ಹೆಂಡತಿಗೇ ಧೈರ್ಯ ಇಲ್ಲ ಅಂದ್ಮೇಲೆ ನಾವು ಯಾವ ಧೈರ್ಯದ ಮೇಲೆ ಹತ್ತೋದು" ಅಂತ ಒಬ್ಬ ಮುದುಕಿ ಕಂಪನಿಗೆ ಕಾಗದವನ್ನೇ ಬರೆದುಬಿಟ್ಟಳು. ಮೇಲಿನವರು ಮೇಸ್ತ್ರಿಯನ್ನು ಕರೆಸಿ, ಏನಪ್ಪ ಇದು ಅಂದರು. ಮೇಸ್ತ್ರಿಗೆ ನಾಚಿಕೆಯಿಂದ ತಲೆ ತಗ್ಗಿಸುವ ಹಾಗಾಯಿತು.

"ನಿನಗೇನು ಭಯ?" ಅಂತ ಮನೆಗೆ ಬಂದು ಕೇಳಿದರು.

"ಭಯ ಅಲ್ಲ ರೀ. ಬಾಗಿಲು ಮುಚ್ಚುತ್ತೆ, ತೆಗೆದಾಗ ಬೇರೆ ಎಲ್ಲೋ ಇರ್ತೀವಿ. ನಡೆದಿದ್ದೂ ಇಲ್ಲ, ದಾರಿ ನೋಡಿದ್ದೂ ಇಲ್ಲ. ಅಷ್ಟು ಸುಲಭಕ್ಕೆ ಎಲ್ಲಿಗೂ ಹೋಗಬಾರದು."

ಆಕೆ ಹೇಳಿದ್ದು ಲಿಫ್ಟಿನ ವಿಷಯವೋ ವಿಮಾನದ್ದೋ ಅಂತ ಕೇಳುವುದಕ್ಕೆ ಮೇಸ್ತ್ರಿಗೆ ಆಗಲೂ ಧೈರ್ಯ ಬರಲಿಲ್ಲ.

ಹೊಟ್ಟೆಯಲ್ಲಿ ಮಗಳಿದ್ದಳು, ಐದು ತಿಂಗಳು. ಒಂದು ಭಾನುವಾರ ಮೇಸ್ತ್ರಿ ಆಕೆಯನ್ನು ಮೆಟ್ಟಿಲಲ್ಲೇ ನಿಧಾನವಾಗಿ ಮಾಳಿಗೆಯ ಮೇಲಿನ ಯಂತ್ರದ ಕೋಣೆಗೆ ಕರೆದುಕೊಂಡು ಹೋದರು. ಮೋಟಾರು ತೋರಿಸಿದರು. ಹೆಬ್ಬೆರಳು ಗಾತ್ರದ ಉಕ್ಕಿನ ಹಗ್ಗ ಮುಟ್ಟಿಸಿದರು. "ಇಂಥವು ಆರು ಇವೆ. ಐದು ಹರಿದ್ರೂ ಒಂದು ಸಾಕು. ನೀನು ಮೇಲೆ ಬಂದ್ರೆ ಆ ತೂಕದ ಕಲ್ಲು ಕೆಳಗೆ ಹೋಗುತ್ತೆ, ಅಷ್ಟೇ ಇದರ ಗುಟ್ಟು." ಆಕೆ ಆರೂ ಹಗ್ಗವನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಮದುವೆಯಾದ ಮೇಲೆ ಅವರು ತಮ್ಮ ಕೆಲಸದ ವಿಷಯ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು.

ಆಮೇಲೆ ಇಬ್ಬರೂ ಲಿಫ್ಟಿನೊಳಗೆ ನಿಂತರು. ಒಂದೊಂದು ಮಹಡಿಗೂ ಆಕೆ ಹೊರಗೆ ಬಂದು ಕಾಲಿನಿಂದ ನೆಲ ತಟ್ಟಿ ನೋಡಿ, "ಇದೆ" ಅಂದು ಮತ್ತೆ ಒಳಗೆ ಬರುವಳು. ಹೀಗೆ ಮೇಲೆ ಕೆಳಗೆ ಎಷ್ಟು ಸಲವೋ. ಮಧ್ಯಾಹ್ನ ದಾಟಿತು. ಕೊನೆಗೆ ಏಳನೇ ಮಹಡಿಯಲ್ಲಿ ಆಕೆ, "ನೀವು ಇಳೀರಿ, ನಾನು ಒಬ್ಬಳೇ ಹೋಗ್ತೀನಿ" ಅಂದಳು. ಬಾಗಿಲು ಮುಚ್ಚಿದ್ದೇ ತಡ ಮೇಸ್ತ್ರಿ ಮೆಟ್ಟಿಲಿನ ಕಡೆ ಓಡಿದರು. ಎರಡೆರಡು ಮೆಟ್ಟಿಲು ಹಾರಿ ಕೆಳಗೆ ಬಂದು ನಿಂತಾಗ ಬಾಗಿಲು ತೆರೆಯಿತು. ಆಕೆ ಒಳಗಿನ ಕನ್ನಡಿಯಲ್ಲಿ ಕೂದಲು ಸರಿ ಮಾಡಿಕೊಳ್ಳುತ್ತಿದ್ದಳು.

"ಯಾಕ್ರೀ ಹಾಗೆ ಏದುಸಿರು ಬಿಡ್ತಿದ್ದೀರಿ?" ಅಂದಳು.

*

ಕಾರು ಮಗಳು ಓಡಿಸುತ್ತಿದ್ದಳು. ಮೇಸ್ತ್ರಿ ಅವಳ ಪಕ್ಕ, ಭಾವಮೈದ ಹಿಂದೆ. ಮೇಸ್ತ್ರಿ ಯೋಚನೆ ಮಾಡುತ್ತೇನೆ ಅಂದಿದ್ದರಲ್ಲ, ಮಾಡುತ್ತಿದ್ದರು.

ಅವರಿಗೆ ಆ ಮೊದಲ ಚಳಿಗಾಲದ ನಲ್ಲಿಯ ಸದ್ದು ನೆನಪಾಯಿತು. ಆಕೆ ಸ್ನಾನದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ನಲ್ಲಿ ಜೋರಾಗಿ ಬಿಡುತ್ತಿದ್ದಳು. ಬಕೆಟ್ ಇಟ್ಟಿದ್ದರೆ ಅದು ತುಂಬುತ್ತಾ ತುಂಬುತ್ತಾ ನೀರಿನ ಸದ್ದು ಬದಲಾಗಬೇಕು. ಯಂತ್ರದ ಸದ್ದು ಕೇಳಿಯೇ ರೋಗ ಹೇಳುವ ಮನುಷ್ಯನಿಗೆ ಅಷ್ಟು ಗೊತ್ತಾಗದೆ ಇರುತ್ತದೆಯೇ? ನೀರು ಸುಮ್ಮನೆ ಹರಿದುಹೋಗುತ್ತಿತ್ತು. ಅವರು ಬಾಗಿಲ ಈಚೆ ನಿಂತು, ತಟ್ಟಲೋ ಬೇಡವೋ ಅಂತ ಕೈ ಎತ್ತಿ, ಕೈ ಇಳಿಸಿ, ಅಡಿಗೆಮನೆಗೆ ಹೋಗಿ ಇಬ್ಬರಿಗೂ ಕಾಫಿ ಮಾಡಿಡುತ್ತಿದ್ದರು. ಆಕೆ ಮುಖ ತೊಳೆದುಕೊಂಡು ಬಂದು ಕುಡಿಯುವಳು, ಸಕ್ಕರೆ ಜಾಸ್ತಿ ಆಯಿತು ಅನ್ನುವಳು.

ಒಪ್ಪಿಕೊಂಡುಬಿಡೋಣ, ಕಳಿಸಿಕೊಡೋಣ ಅಂತ ಮೇಸ್ತ್ರಿ ಮನಸ್ಸಿನಲ್ಲೇ ಅಂದುಕೊಂಡರು. ಅಂದುಕೊಂಡ ಕೂಡಲೇ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು.

*

"ಊರಿಗೆ ಹೋಗಿಬಿಡೋಣ್ವಾ?" ಅಂತ ಅವರು ವರ್ಷಕ್ಕೊಂದು ಸಲ ಕೇಳುತ್ತಿದ್ದದ್ದು ಸುಳ್ಳಲ್ಲ. ಎರಡು ವರ್ಷ ಇದ್ದು ನೋಡೋಣ, ಒಗ್ಗದಿದ್ದರೆ ಹೊರಟುಬಿಡೋಣ ಅಂತ ಮೊದಲ ವಾರವೇ ಮಾತು ಕೊಟ್ಟಿದ್ದರು. ಕೊಟ್ಟ ಮಾತು ಅಂತ ಕೇಳುವರು. ಆಕೆಯ ಉತ್ತರ ಮಾತ್ರ ಪ್ರತಿ ಸಲ ಬೇರೆ.

"ಈ ವಾರ ಆಗಲ್ಲ ರೀ, ಪರದೆ ಒಗೆದು ಹಾಕಿದ್ದೀನಿ, ಒಣಗಿಲ್ಲ."

ಇನ್ನೊಂದು ವರ್ಷ: "ಮಗಳಿಗೆ ಪರೀಕ್ಷೆ."

ಮತ್ತೊಂದು ವರ್ಷ: "ನನ್ನ ಜೋಡಿ ರಜೆ ಹಾಕಿದ್ದಾಳೆ. ನಾನೂ ಹೊರಟ್ರೆ ಲಾಂಡ್ರಿ ಗತಿ ಏನು?"

ಜೋಡಿ ಅಂದರೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಆಕೆಯ ಜೊತೆ ಹಾಸಿಗೆ ಬಟ್ಟೆ ಮಡಿಸುತ್ತಿದ್ದ ಹೆಂಗಸು. "ಜೋಡಿ ಅಂತ ನನ್ನನ್ನಲ್ವಾ ಕರೀಬೇಕು?" ಅಂತ ಮೇಸ್ತ್ರಿ ಕೆಣಕಿದರೆ, "ನಿಮಗೆ ಮಡಿಸೋಕೆ ಬರುತ್ತಾ?" ಅಂತ ಬಾಯಿ ಮುಚ್ಚಿಸುತ್ತಿದ್ದಳು.

ಆಕೆಯ ತಾಯಿ ತೀರಿಕೊಂಡ ವರ್ಷ ಅವರು ಕೇಳಲಿಲ್ಲ. ಸುದ್ದಿ ಬರುವಷ್ಟರಲ್ಲಿ ಅಲ್ಲಿ ಎಲ್ಲ ಮುಗಿದಿತ್ತು. ಇಲ್ಲಿ ಮಗಳಿಗೆ ದಡಾರ ಎದ್ದು ಮೈ ಕೆಂಡವಾಗಿತ್ತು. ಆಕೆ ಕಾಗದ ಓದಿ, ಮಡಿಸಿಟ್ಟು, ಮಗುವಿನ ಹಣೆಯ ಬಟ್ಟೆ ಬದಲಾಯಿಸಿದಳು. ಸಂಜೆ ಬೀರುವಿನಲ್ಲಿದ್ದ ಬಟ್ಟೆಯನ್ನೆಲ್ಲ ಹೊರಗೆ ಹಾಕಿ, ಒಂದೊಂದನ್ನೂ ಹೊಸದಾಗಿ ಮಡಿಸಿ ಒಳಗಿಟ್ಟಳು. ಮೇಸ್ತ್ರಿಯ ಎಣ್ಣೆ ಕಲೆಯ ಕೆಲಸದ ಅಂಗಿಗಳನ್ನೂ ಬಿಡಲಿಲ್ಲ. ಮೇಸ್ತ್ರಿ ಎದುರಿಗೆ ಕೂತು ನೋಡಿದರು. ಇವಳನ್ನು ಇಲ್ಲಿಗೆ ತಂದು ಹಾಕಿದವನು ನಾನು ಅನ್ನುವುದು ಅವತ್ತು ಅವರೊಳಗೆ ಕೂತದ್ದು ಮತ್ತೆ ಏಳಲೇ ಇಲ್ಲ.

*

ಅಂತ್ಯಸಂಸ್ಕಾರದ ಮನೆಯಲ್ಲಿ ಒಂದು ಉದ್ದನೆಯ ಕೋಣೆ. ತುದಿಯಲ್ಲಿ ಪೆಟ್ಟಿಗೆಯೊಳಗೆ ಆಕೆ ಮಲಗಿದ್ದಳು. ಕೋಣೆಯನ್ನು ತಣ್ಣಗೆ ಇಟ್ಟಿದ್ದರು. ಬಂದವರು ಕೂರುವ ಕಡೆ ಮಾತ್ರ ಕಿಟಕಿಯ ಕೆಳಗೆ ಗೋಡೆಗೆ ಒಂದು ಹೀಟರು. ಜನ ಹೆಚ್ಚಿಲ್ಲ: ನಮ್ಮವರು ನಾಲ್ಕು ಮನೆ, ಏಳನೇ ಮಹಡಿಯ ನೆರೆಯವರು, ಲಾಂಡ್ರಿಯ ಹತ್ತು ಹನ್ನೆರಡು ಹೆಂಗಸರು. ಸದ್ದಾಗದ ಬೂಟು ಹಾಕಿದ ಮೇಲ್ವಿಚಾರಕ ಬಾಗಿಲ ಹತ್ತಿರ ಕೈ ಕಟ್ಟಿ ನಿಂತಿದ್ದ.

"ಎಷ್ಟು ಸಣ್ಣ ಆಗಿಬಿಟ್ಟಿದ್ದಾಳೆ," ಅಂದ ಭಾವಮೈದ ಪೆಟ್ಟಿಗೆಯ ಹತ್ತಿರ ನಿಂತು. ಅಕ್ಕನ ಕೈ ಮುಟ್ಟಿದವನು ಅದರ ತಣುವಿಗೆ ಬೆಚ್ಚಿ ಕೈ ಹಿಂದಕ್ಕೆ ತೆಗೆದು, ನಾಚಿಕೆಪಟ್ಟು ಮತ್ತೆ ಮುಟ್ಟಿದ.

"ರೀ," ಅಂತ ಯಾರೋ ಕರೆದರು.

ಮೇಸ್ತ್ರಿ ಥಟ್ಟನೆ ತಿರುಗಿದರೆ ಜೋಡಿ. ಗಿಡ್ಡ, ದಪ್ಪ, ಎಪ್ಪತ್ತು ದಾಟಿದ ಹೆಂಗಸು. ಅವಳೂ ಬೇರೊಂದು ದೂರದ ದೇಶದಿಂದ ಮದುವೆಯಾಗಿ ಬಂದವಳೇ. ನಮ್ಮ ಮಾತು ಅವಳಿಗೆ ಬರುತ್ತಿರಲಿಲ್ಲ. ಗೆಳತಿಯರಿಬ್ಬರೂ ಆ ಊರಿನ ಭಾಷೆಯನ್ನೇ ತಮಗೆ ಬಂದ ಹಾಗೆ ಆಡಿಕೊಂಡು ಮೂವತ್ತೊಂದು ವರ್ಷ ಕಳೆದಿದ್ದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಆಕೆ ಲಾಂಡ್ರಿಯ ಫೋನಿನಿಂದ ಮನೆಗೆ ಫೋನು ಮಾಡಿ "ರೀ, ಸ್ವಲ್ಪ ತಡ ಆಗುತ್ತೆ" ಅನ್ನುವುದನ್ನು ಕೇಳಿದ್ದ ಜೋಡಿ, ಗಂಡನ ಹೆಸರೇ ರೀ ಅಂದುಕೊಂಡುಬಿಟ್ಟಳು. ಅವತ್ತಿನಿಂದ ಕಂಡಾಗೆಲ್ಲ "ರೀ, ಚೆನ್ನಾಗಿದ್ದೀರಾ?" ಹೊಸ ವರ್ಷದ ಕಾರ್ಡಿನ ಮೇಲೂ "ಶ್ರೀಮಾನ್ ರೀ ಅವರಿಗೆ." ಮೇಸ್ತ್ರಿ ತಿದ್ದಲು ಹೊರಟರೆ ಹೆಂಡತಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕು ತಡೆದಿದ್ದಳು. "ಇರಲಿ ಬಿಡಿ, ಇನ್ನೊಬ್ಬರಾದ್ರೂ ನಿಮ್ಮನ್ನ ಸರಿಯಾದ ಹೆಸರಲ್ಲಿ ಕರೀಲಿ."

ಈಗ ಹಾಗೆ ಕರೆಯುವವಳು ಇವಳೊಬ್ಬಳೇ ಅನ್ನುವುದು ಹೊಳೆದು ಮೇಸ್ತ್ರಿಗೆ ಮೂರು ದಿನದಲ್ಲಿ ಮೊದಲ ಸಲ ಅಳು ಬಂತು. ಜೋಡಿ ಅವರ ತೋಳು ಹಿಡಿದು, ಅವರು ಮುಖ ಒರೆಸಿಕೊಳ್ಳುವ ತನಕ ಪಕ್ಕದಲ್ಲೇ ನಿಂತಳು.

ಅವಳ ಇನ್ನೊಂದು ಕೈಯಲ್ಲಿ ಮಡಿಸಿದ ಬಿಳಿ ಬಟ್ಟೆ ಇತ್ತು. "ನಮ್ಮ ಲಾಂಡ್ರಿಯವರು ಯಾರೇ ಹೋದ್ರೂ ಹೊದಿಸ್ತೀವಿ," ಅಂದಳು. "ಇನ್ನೂ ಯಾವ ಮಂಚಕ್ಕೂ ಹಾಸದೆ ಇರೋದು. ಎಲ್ಲರೂ ಒಂದೊಂದು ಗೇಣು ಇಸ್ತ್ರಿ ಮಾಡಿದ್ದೀವಿ."

ಅಷ್ಟರಲ್ಲಿ ಮೇಲ್ವಿಚಾರಕ ಹತ್ತಿರ ಬಂದು, ಫಾರಂ ಆಗಿದೆಯೇ ಅಂತ ಮೆಲ್ಲಗೆ ಕೇಳಿದ. ಹನ್ನೊಂದು ದಾಟಿತ್ತು. ಮೇಸ್ತ್ರಿ ಕಿಟಕಿಯ ಕಟ್ಟೆಯ ಮೇಲೆ ಹಾಳೆ ಹರಡಿ, ಪೆನ್ನು ತೆರೆದರು. ಭಾವಮೈದನನ್ನು ಕರೆದರು.

"ನಿನ್ನ ಪೂರ್ತಿ ಹೆಸರು ಹೇಗೆ ಬರಿಯೋದು ಹೇಳು. ನೀನು ಹೇಳಿದ್ದೇ ಸರಿ. ಕರ್ಕೊಂಡು ಹೋಗು."

"ಅಪ್ಪ," ಅಂದಳು ಮಗಳು. "ಅಪ್ಪ, ಒಂದು ನಿಮಿಷ."

"ಬೇಡಮ್ಮ. ನನಗೂ ಇಷ್ಟ ಇಲ್ಲ. ಆದ್ರೆ ಅವಳು ತಾನಾಗಿ ಬಂದವಳಲ್ಲ. ಇಷ್ಟಾದ್ರೂ ಮಾಡಬೇಕು ನಾನು."

ಇವರ ಮುಖಗಳನ್ನು ನೋಡುತ್ತಿದ್ದ ಜೋಡಿ, ಏನು ಬರೀತಿದ್ದೀರಿ ಅಂತ ಕೇಳಿದಳು. ಮಗಳು ಆ ಊರಿನ ಭಾಷೆಯಲ್ಲಿ ಹೇಳಿದಳು. ಜೋಡಿ ಹುಬ್ಬು ಗಂಟಿಕ್ಕಿದಳು.

"ತಾನಾಗಿ ಬಂದವಳಲ್ಲ ಅಂತ ಯಾರು ಹೇಳಿದ್ದು?"

"ಹೇಳೋದೇನು, ಎಲ್ಲರಿಗೂ ಗೊತ್ತು," ಅಂದರು ಮೇಸ್ತ್ರಿ. "ಫೋಟೋ ನೋಡಿ ಕಳಿಸಿದ್ರು. ಬಂದ ಮೇಲೆ ಎಲ್ಲಿಗೆ ಹೋಗ್ತಾಳೆ? ಮೊದಲ ವರ್ಷ ನಲ್ಲಿ ಬಿಟ್ಟುಕೊಂಡು ಅಳ್ತಿದ್ಲು."

"ಅಳ್ತಿದ್ಲು. ನಾನೂ ಅಳ್ತಿದ್ದೆ. ಅಮ್ಮ ನೆನಪಾದ್ರೆ ಅಳು ಬರುತ್ತೆ. ಅದಕ್ಕೂ ನಿಮಗೂ ಏನು ಸಂಬಂಧ?" ಜೋಡಿ ಬಟ್ಟೆಯನ್ನು ಒಂದು ಕುರ್ಚಿಯ ಮೇಲಿಟ್ಟಳು. "ರೀ, ಅವಳು ಬದುಕಿರೋ ತನಕ ನಿಮಗೆ ಹೇಳಕೂಡದು ಅಂತ ನನ್ನ ಹತ್ರ ಮಾತು ತಗೊಂಡಿದ್ಲು. ಹೇಳಿದ್ರೆ ನಿಮಗೆ ಜಂಬ ಬಂದುಬಿಡುತ್ತೆ ಅಂತ. ಈಗ ಹೇಳ್ತೀನಿ. ಕೂತ್ಕೊಳ್ಳಿ."

ಮೇಸ್ತ್ರಿ ಕೂತರು. ಮಗಳು ಮಾಮನ ಪಕ್ಕ ನಿಂತು ಒಂದೊಂದು ಮಾತನ್ನೂ ನಮ್ಮ ಮಾತಿಗೆ ತಿರುಗಿಸಿ ಹೇಳತೊಡಗಿದಳು.

ಆಸ್ಪತ್ರೆ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಮಡಿಸುವುದು ಇಬ್ಬರ ಕೆಲಸ. ತುದಿಯೊಳಗೆ ಹೆಬ್ಬೆರಳು ತೂರಿಸಿ ಹಿಡಿದು, ಒಮ್ಮೆ ಕೊಡವಿ, ಎದುರುಬದುರು ನಡೆದು ಬಂದು ತುದಿಗೆ ತುದಿ ಸೇರಿಸಬೇಕು, ಮತ್ತೆ ಹಿಂದೆ ಸರಿಯಬೇಕು. ದಿನಕ್ಕೆ ನಾನೂರು. ಅಷ್ಟು ಸಲ ಮುಖಕ್ಕೆ ಮುಖ ಕೊಟ್ಟು ನಿಂತವರ ನಡುವೆ ಮುಚ್ಚುಮರೆ ಬಹಳ ದಿನ ಉಳಿಯುವುದಿಲ್ಲ. ಕೆಲಸಕ್ಕೆ ಸೇರಿದ ವರ್ಷವೇ ಆಕೆ ಜೋಡಿಗೆ ಇದನ್ನು ಹೇಳಿದ್ದಳು.

ವಿಮಾನ ಹತ್ತುವ ದಿನ ಆಕೆಯ ಅಪ್ಪ ಮಗಳ ಕೈಗೆ ಎರಡು ಟಿಕೆಟ್ ಕೊಟ್ಟರಂತೆ. ಒಂದು ಹೋಗುವುದಕ್ಕೆ, ಒಂದು ಬರುವುದಕ್ಕೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. "ಮನುಷ್ಯನ್ನ ಕಣ್ಣಾರೆ ನೋಡು. ಮನಸ್ಸಿಗೆ ಬರಲಿಲ್ಲ ಅಂದ್ರೆ ಮಾತೂ ಆಡಿಸಬೇಡ, ಅಲ್ಲಿಂದಲೇ ತಿರುಗಿ ಬಾ. ನಾನಿದ್ದೀನಿ" ಅಂದಿದ್ದರಂತೆ.

ಮಗಳು ಇದನ್ನು ಹೇಳುತ್ತಿದ್ದ ಹಾಗೆ ಭಾವಮೈದ ತಲೆ ಎತ್ತಿದ. "ಅಪ್ಪ ಹಾಗಂದಿದ್ರಾ?" ಆಮೇಲೆ ತನ್ನಷ್ಟಕ್ಕೆ ಅಂದ, "ಅದಕ್ಕೇನಾ ಆ ವಾರವೆಲ್ಲ ಅಪ್ಪ ಬೀದಿ ಬಾಗಿಲಿಗೆ ಚಿಲಕ ಹಾಕೋಕೆ ಬಿಡ್ಲಿಲ್ಲ. ಅಮ್ಮ ಬೈತಿದ್ರು."

"ವಿಮಾನ ಸರಿಯಾದ ಹೊತ್ತಿಗೇ ಇಳೀತು," ಅಂದಳು ಜೋಡಿ. "ಲಗೇಜು ಬೇಗ ಬಂತು. ಹೊರಗೆ ಬಂದ್ಲು, ನಿಮ್ಮನ್ನ ನೋಡಿದ್ಲು. ನೀವು ಅವಳನ್ನ ನೋಡ್ಲಿಲ್ಲ. ಸರಕ್ಕನೆ ಒಂದು ದಪ್ಪ ಕಂಬದ ಹಿಂದೆ ನಿಂತ್ಕೊಂಡ್ಲು. ನಲವತ್ತು ನಿಮಿಷ. ವಾಪಸ್ ಹೋಗೋರ ಕೌಂಟರು ಅಲ್ಲೇ ಇತ್ತಂತೆ, ಹತ್ತು ಹೆಜ್ಜೆ."

"ಲಗೇಜು ತಡ ಆಯ್ತಾ ಅಂತ ಕೇಳಿದೆ ನಾನು," ಅಂದರು ಮೇಸ್ತ್ರಿ. "ಹೂಂ ಅಂದ್ಲು. ಬಾಗಿಲ ಕಡೆ ಕಾಯ್ತಿದ್ದೆ. ಅವಳು ಹಿಂದಿನಿಂದ ಬಂದ್ಲು."

"ನೀವು ಏನು ಮಾಡ್ತಿದ್ರಿ ಅಂತ ನೆನಪಿದೆಯಾ?"

"ಕಾಯ್ತಿದ್ದೆ."

"ಕೋಟು ಬಿಸಿ ಮಾಡ್ತಿದ್ರಿ."

ಮೇಸ್ತ್ರಿ ಅವಳನ್ನೇ ನೋಡಿದರು. ಹೌದು, ಒಂದು ಕೋಟು ಇತ್ತು. ಜೊತೆ ಕೆಲಸದವನ ಹೆಂಡತಿಯಿಂದ ಕೇಳಿ ತಂದದ್ದು. ಬಿಸಿಲಿನ ಊರಿಂದ ಬರುವ ಹುಡುಗಿ ಮೈಗೆ ತಣ್ಣನೆ ಕೋಟು ಹಾಕಿದರೆ ಹೇಗೆ ಅಂತ ಅನ್ನಿಸಿತ್ತು. ಅದನ್ನು ಅವರು ಮರೆತೇಬಿಟ್ಟಿದ್ದರು.

"ಗೋಡೆಯ ಹೀಟರಿಗೆ ಕೋಟು ಹಿಡಿದು ನಿಂತಿದ್ರಂತೆ. ಒಂದು ಮಗ್ಗುಲು ಕಾಯಿಸೋದು, ತಿರುಗಿಸೋದು, ಇನ್ನೊಂದು ಮಗ್ಗುಲು. ತೋಳಿನೊಳಗೆ ಕೈ ಹಾಕಿ ನೋಡೋದು. ಬಾಗಿಲು ತೆಗೆದ ಕೂಡ್ಲೇ ಫೋಟೋ ಹಿಡಿದು ಓಡೋದು, ಅವಳಲ್ಲ ಅಂತ ಗೊತ್ತಾದ ಮೇಲೆ ವಾಪಸ್ ಬಂದು ಮತ್ತೆ ಮೊದಲಿಂದ. ಅಷ್ಟರಲ್ಲಿ ಕೋಟು ಆರಿರ್ತಿತ್ತಲ್ಲ. ನಲವತ್ತು ನಿಮಿಷದಲ್ಲಿ ಒಂದು ಸಲವೂ ಗಡಿಯಾರ ನೋಡ್ಲಿಲ್ಲ, ಒಂದು ಸಲವೂ ಮುಖ ಸಿಂಡರಿಸಲಿಲ್ಲ ಅಂದ್ಲು." ಜೋಡಿ ಗೆಳತಿಯ ಕಡೆ ಒಮ್ಮೆ ತಿರುಗಿ ನೋಡಿದಳು. "'ಇನ್ನೂ ಕಾಣದೇ ಇರೋಳ ಕೋಟಿಗೇ ಇಷ್ಟು ಉಪಚಾರ ಮಾಡೋ ಮನುಷ್ಯ ನನ್ನ ಚಳೀಲಿ ಬಿಡ್ತಾನಾ ಅನ್ನಿಸ್ತು ಕಣೆ' ಅಂದ್ಲು ನನಗೆ. ಟಿಕೆಟ್ಟನ್ನ ಕಸದ ಬುಟ್ಟಿಗೆ ಹಾಕಿ ಮುಂದೆ ಬಂದ್ಲು. ಅದನ್ನೂ ಮಡಿಸಿಯೇ ಹಾಕಿದ್ಲಂತೆ."

ಮಗಳು ಕೊನೆಯ ಮಾತುಗಳನ್ನು ಹೇಳಲಾರದೆ ನಿಂತುಬಿಟ್ಟಳು. ಭಾವಮೈದನಿಗೆ ಅಷ್ಟರಲ್ಲಿ ಬೇಕಾದದ್ದು ಅರ್ಥವಾಗಿತ್ತು. ಅವನು ಕಿಟಕಿಯ ಕಟ್ಟೆಯ ಮೇಲಿದ್ದ ಹಾಳೆಯನ್ನು ತೆಗೆದು, ಕನ್ನಡಕ ಸರಿಮಾಡಿಕೊಂಡು, ಓದಲು ಬಾರದ ಆ ಅಕ್ಷರಗಳನ್ನು ಸ್ವಲ್ಪ ಹೊತ್ತು ನೋಡಿ, ಮೇಸ್ತ್ರಿಯ ತೊಡೆಯ ಮೇಲಿಟ್ಟ.

"ನಿಮ್ಮ ಹೆಸರು ಬರೀರಿ ಭಾವ."

"ನಿನಗೆ..."

"ಅವಳು ನೋಡಿಕೊಂಡೇ ಬಂದಿದ್ದಾಳೆ. ನಾನ್ಯಾರು ಮಧ್ಯೆ? ಬರೀರಿ."

ಮೇಸ್ತ್ರಿ ಬರೆದರು. ಪಾಸ್‌ಪೋರ್ಟಿನಲ್ಲಿದ್ದ ಆ ಹೆಸರನ್ನು ಚುಕ್ಕಿ ಚುಕ್ಕಿಯ ಮೇಲೆ ನಿಧಾನವಾಗಿ, ಒಂದಕ್ಷರವೂ ಅಲುಗದ ಹಾಗೆ ಬರೆದು ಹಾಳೆಯನ್ನು ಮೇಲ್ವಿಚಾರಕನಿಗೆ ಕೊಟ್ಟರು.

ಅವನು ಗಡಿಯಾರ ನೋಡಿ, ಬಟ್ಟೆ ಹೊದಿಸುವುದಿದ್ದರೆ ಈಗ ಹೊದಿಸಬಹುದು ಅಂದ. ಮುಚ್ಚಳ ಹಿಡಿಯಲು ಇನ್ನಿಬ್ಬರು ಬಂದು ನಿಂತರು. ಮೇಸ್ತ್ರಿ ಎದ್ದು, ಕುರ್ಚಿಯ ಮೇಲಿನ ಬಿಳಿ ಬಟ್ಟೆಯನ್ನು ತೆಗೆದುಕೊಂಡು ಪೆಟ್ಟಿಗೆಯ ಕಡೆ ನಾಲ್ಕು ಹೆಜ್ಜೆ ಹೋದರು. ಅಲ್ಲಿ ನಿಂತರು. ಹೊರಗಿನ ಚಳಿಯಲ್ಲಿ ಬಂದ ಬಟ್ಟೆ. ಅಂಗೈಗೆ ಐಸಿನ ಹಾಗಿತ್ತು.

ತಿರುಗಿ ಬಂದರು. ಕಿಟಕಿಯ ಕೆಳಗಿನ ಹೀಟರಿನ ಮುಂದೆ ಬಗ್ಗಿ ಬಟ್ಟೆ ಬಿಡಿಸತೊಡಗಿದರು. ಅದು ದೊಡ್ಡದು, ಒಬ್ಬರ ಕೈಗೆ ಸಿಗುವಂಥದ್ದಲ್ಲ, ಒಂದು ಕಡೆ ನೆಲಕ್ಕೆ ಜಾರಿತು. ಭಾವಮೈದ ಬಂದು ಜಾರಿದ ತುದಿ ಎತ್ತಿದ. ಹಿಡಿಯಲು ಬರಲಿಲ್ಲ, ಮುದ್ದೆಯಾಯಿತು. ಜೋಡಿ ಅವನ ಬೆರಳು ಬಿಡಿಸಿ, ಹೆಬ್ಬೆರಳನ್ನು ತುದಿಯೊಳಗೆ ತೂರಿಸಿ, ಹೀಗೆ, ಅನ್ನುವಂತೆ ಮುಷ್ಟಿ ಮುಚ್ಚಿದಳು. ಮುಚ್ಚಳ ಹಿಡಿದಿದ್ದವರು ಮೇಲ್ವಿಚಾರಕನ ಮುಖ ನೋಡಿದರು. ಅವನು ಹೀಟರಿಗೆ ಅಡ್ಡ ಇದ್ದ ಕುರ್ಚಿಯೊಂದನ್ನು ಸದ್ದಾಗದಂತೆ ಎತ್ತಿ ಪಕ್ಕಕ್ಕಿಟ್ಟ.

ಮೇಸ್ತ್ರಿ ಬಟ್ಟೆಯ ಮೇಲೆ ಅಂಗೈ ಇಟ್ಟು ನೋಡಿದರು. ಆಮೇಲೆ ಅಂಗೈ ಮಗುಚಿ, ಬೆರಳ ಬೆನ್ನಿನಿಂದ ನೋಡಿದರು.

"ಇನ್ನೊಂದು ಚೂರು," ಅಂದರು ಪೆಟ್ಟಿಗೆಯ ಕಡೆ ತಿರುಗಿ, ಮತ್ತೆ ಬಟ್ಟೆಯ ಇನ್ನೊಂದು ಮಗ್ಗುಲು ತಿರುವಿ ಹಿಡಿದರು.